ಬಿಗಿ ಎಲ್ಲಿದೆ

ಎಲ್ಮಾರ್ ಒಳಗೆ ಬಂದವನೇ ಕಾರಿನ ಮಾತೆತ್ತಲಿಲ್ಲ.
ಕೈಗವಸು ಕಳಚಿ ಬಲಭುಜ ತಿಕ್ಕಿಕೊಂಡ.
"ಆಯಿತು ವಿರ್ವೆ, ನನ್ನದು ಮುಗಿಯಿತು.
ಚರ್ಚಿನ ತಿರುವಿನಲ್ಲಿ ಸ್ಟೀರಿಂಗ್ ಎಳೆಯಲು
ಎರಡು ಕೈ ಸಾಲದು, ಹಲ್ಲೂ ಕಚ್ಚಬೇಕು."

ಹೊರಗೆ ಕುರೆಸ್ಸಾರೆಯ ಮಾರ್ಚ್.
ಹಿಮ ಅರ್ಧ ಕರಗಿ, ಇನ್ನರ್ಧ ಮನಸ್ಸು ಬದಲಿಸಿದೆ.
ರಸ್ತೆಗೆ ಎರಚಿದ ಉಪ್ಪು ಬಾಗಿಲ ಹಿಡಿಯವರೆಗೂ ಬೆಳ್ಳಗೆ ಒಣಗಿ
ನಿಂತಿದೆ ಅವನ ವೋಲ್ವೊ, ತೊಂಬತ್ತೆರಡರದ್ದು.
ಹಿಂದಿನ ಸೀಟಿನಲ್ಲಿ ಅಕಾರ್ಡಿಯನ್ ಪೆಟ್ಟಿಗೆ,
ಮೇಲೆ ಕಂಬಳಿ, ಕಂಬಳಿಯ ಮೇಲೆ ಧೂಳು.

ಭುಜ ನೋಡುವವಳಲ್ಲ ನಾನು.
ಬಾನೆಟ್ ಎತ್ತಿದೆ.

ಮೊದಲು ಎಣ್ಣೆ. ಕಡ್ಡಿಯ ಗೆರೆ ಮುಟ್ಟುವಷ್ಟಿದೆ. ಕೆಂಪಗಿದೆ.
ಮೂಸಿದೆ, ಸುಟ್ಟ ವಾಸನೆಯಿಲ್ಲ. ನೊರೆಯಿಲ್ಲ.
ಬೆಲ್ಟನ್ನು ಹೆಬ್ಬೆರಳಲ್ಲಿ ಒತ್ತಿದೆ, ಬಗ್ಗಬೇಕಾದಷ್ಟೇ ಬಗ್ಗಿತು.
ಟೈರುಗಳಿಗೆ ಗಾಳಿ ಸಾಕಷ್ಟಿದೆ.
ಎಂಜಿನ್ ಶುರು ಮಾಡಿ, ಪಂಪು ನರಳುತ್ತದೇನೋ ಎಂದು
ಕಿವಿಗೊಟ್ಟರೆ, ಅದು ತನ್ನ ಪಾಡಿಗೆ ಗುನುಗುತ್ತಿದೆ.

"ಪಂಪೇ ಹೋಗಿದೆ ಅಂತಾನೆ ಅಳಿಯ."
ಎಲ್ಲರ ಅಳಿಯಂದಿರೂ ಹಾಗೇ ಅನ್ನುತ್ತಾರೆ.
ಅವರ ಮಾತು ಕೇಳಿ ಈ ದ್ವೀಪದಲ್ಲಿ
ಎಷ್ಟು ಒಳ್ಳೆಯ ಪಂಪುಗಳು ಗುಜರಿ ಸೇರಿವೆಯೋ.

"ತಿರುವು ದಾಟಿ ಕೈ ಸಡಿಲಿಸಿದರೆ
ಸ್ಟೀರಿಂಗ್ ತಾನಾಗಿ ನೇರಕ್ಕೆ ಬರುತ್ತದಾ?"
ಬಹಳ ಹೊತ್ತು ಯೋಚಿಸಿದ.
"ಇಲ್ಲ. ತಿರುಗಿಸಿದಲ್ಲೇ ಕೂರುತ್ತದೆ,
ಹಠ ಹಿಡಿದ ಕರುವಿನ ಹಾಗೆ. ನಾನೇ ಎಳೆದು ತರಬೇಕು."

ಅಲ್ಲಿಗೆ ಪಂಪಿನ ಸುದ್ದಿ ಬಿಟ್ಟೆ.

ಜಾಕು ಕೊಟ್ಟು ಮುಂಭಾಗ ಎತ್ತಿ, ಎಂಜಿನ್ ಆರಿಸಿ,
ಕಾರಿನ ಕೆಳಗೆ ಅಂಗಾತ ಮಲಗಿದೆ.
ಸ್ಟೀರಿಂಗಿನ ದಂಡ ಕೆಳಗಿಳಿದು ರ‍್ಯಾಕಿಗೆ ಸೇರುವಲ್ಲಿ
ಒಂದು ಕೀಲು, ಅಕ್ರೋಟಿನಷ್ಟು ದಪ್ಪ.
ಬಿಳಿ ಬಣ್ಣದಲ್ಲಿ ಗುರುತು ಹಾಕಿ ಬೋಲ್ಟು ಬಿಚ್ಚಿದೆ
(ಬಿಚ್ಚಿದೆ ಎಂದು ಬರೆಯುವುದು ಸುಲಭ;
ಒಂದೂವರೆ ಗಂಟೆ, ಎರಡು ಬೈಗುಳ, ಬೆರಳ ಗೆಣ್ಣಿನ ಚರ್ಮ).
ಗಾಲಿ ತಿರುಗಿಸಿ ನೋಡಿದೆ, ಸಲೀಸು.
ಮೇಲಿನ ದಂಡವೂ ಸಲೀಸು.
ಬಿಗಿಯೆಲ್ಲ ನನ್ನ ಅಂಗೈಯಲ್ಲಿತ್ತು,
ಉಪ್ಪು ಕುಡಿದು ಕುಡಿದು ತುಕ್ಕು ಹಿಡಿದು.

ಅವನಾಗಲೇ ಸ್ಟೂಲಿನ ಮೇಲೆ ಕೂತು ಹೇಳುತ್ತಿದ್ದ,
ಕೇಳುವವರಿದ್ದಾರೋ ಇಲ್ಲವೋ ನೋಡದೆ:
ನವೆಂಬರಿನಿಂದ ಅಕಾರ್ಡಿಯನ್ ಮುಟ್ಟಿಲ್ಲವಂತೆ,
ಕಾರೇ ಹೊರಳದ ತೋಳಿಗೆ ತಿದಿ ಎಳೆಯಲಾದೀತೇ ಎಂದು.
ರಾತ್ರಿ ಕುದುರೆಯ ಮುಲಾಮು. ಬೆಳಿಗ್ಗೆ ಎದ್ದು
ಎರಡು ಹಿಟ್ಟಿನ ಪೊಟ್ಟಣ ಮೇಲೆತ್ತಿ ಕೆಳಗಿಳಿಸಿ ಕಸರತ್ತು.
ಮಗಳು ಸಿರ್ಯೆ ಲೈಸೆನ್ಸ್ ಒಪ್ಪಿಸುವ ಅರ್ಜಿ ತಂದು
ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದಾಳಂತೆ.

ಕೀಲನ್ನು ಅವನ ಕೈಗಿಟ್ಟೆ. "ಬಗ್ಗಿಸು."
ಬಗ್ಗಿಸಿದ. ಮುಖ ಕೆಂಪಾಯಿತು. ಜಪ್ಪಯ್ಯ ಅನ್ನಲಿಲ್ಲ.
ತಲೆ ತಗ್ಗಿಸಿ ವಾಪಸ್ಸು ಕೊಟ್ಟ, ತಪ್ಪು ಮಾಡಿದವನಂತೆ.
"ಈಗ ನನ್ನನ್ನು ನೋಡು" ಎಂದೆ.
ಮೂವತ್ತೆಂಟು ವರ್ಷದ ನನ್ನ ತೋಳು, ದಿನಾ ಕಬ್ಬಿಣ ಎಳೆಯುವ ತೋಳು.
ನನ್ನಿಂದಲೂ ಆಗಲಿಲ್ಲ.

ಅವನು ನಗಲಿಲ್ಲ. ಕೀಲನ್ನು ಮತ್ತೆ ಇಸಿದುಕೊಂಡು
ಕಿಟಕಿಯ ಬೆಳಕಿಗೆ ಹಿಡಿದು
ಸುಮ್ಮನೆ ನೋಡುತ್ತ ನಿಂತ.

ಗುರುವಾರ ವಿರ್ತ್ಸುವಿನ ಹಡಗಿನಲ್ಲಿ ಹೊಸದು ಬಂತು.
ಚರ್ಚಿನ ತಿರುವಿಗೆ ಇಬ್ಬರೂ ಹೋದೆವು.
ತಿರುಗಿಸಿ, ಎರಡೂ ಅಂಗೈ ತುಸು ತೆರೆದ.
ಅವುಗಳ ನಡುವೆ ಸರಿಯುತ್ತ, ಯಾರೂ ಕರೆಯದೆ,
ಸ್ಟೀರಿಂಗ್ ನೇರಕ್ಕೆ ಬಂದು ನಿಂತಿತು.
ಏನೂ ಹೇಳದೆ ಚರ್ಚನ್ನು ಮೂರು ಸುತ್ತು ಹಾಕಿದ.

"ಭುಜ?" ಎಂದೆ.
"ನೋವಿದೆ," ಅಂದ. "ಆದರೆ ಭುಜದಷ್ಟೇ."

ಬಿಲ್ಲಿನ ಜೊತೆಗೆ ಹೊಗೆಯಾಡಿಸಿದ ಮೀನೊಂದನ್ನು
ಮೇಜಿನ ಮೇಲಿಟ್ಟು, ಬಾಗಿಲವರೆಗೆ ಹೋದವನು ತಿರುಗಿ ಬಂದ.
"ಪಂಪು ಬದಲಿಸಿಲ್ಲ ಅಂತ ದೊಡ್ಡ ಅಕ್ಷರದಲ್ಲಿ
ರಸೀತಿಯಲ್ಲಿ ಬರೆದುಕೊಡು.
ಫ್ರಿಜ್ಜಿಗೆ ಅಂಟಿಸಬೇಕು."