ಬಿಸಿಲಿಗೆ ತಂದು ನೋಡಿ

ಟ್ಯೂಬ್‌ಲೈಟಿನ ಕೆಳಗೆ ಎಲ್ಲ ಬಣ್ಣವೂ ಸುಳ್ಳು ಹೇಳುತ್ತದೆ.
ಅದಕ್ಕೇ ನಮ್ಮಂಗಡಿಯಲ್ಲಿ ಮೊದಲ ಮಾತು:
ಬಿಸಿಲಿಗೆ ತಂದು ನೋಡಿ ಅಕ್ಕ.
ಸೆರಗು ಒಂದು ಕೈಯಲ್ಲಿ, ಬ್ಲೌಸ್ ಪೀಸು ಇನ್ನೊಂದರಲ್ಲಿ,
ಕಟ್ಟಿನಕೆರೆ ಮಾರ್ಕೆಟ್ಟಿನ ಬೀದಿಗಿಳಿದು
ಹಾಸನದ ಹೆಂಗಸರು ಹುಬ್ಬು ಗಂಟಿಕ್ಕುತ್ತಾರೆ.
ಒಳಗೆ ಅಕ್ಕತಂಗಿಯರಂತಿದ್ದ ಎರಡು ಹಸಿರು
ಹೊರಗೆ ಬಂದೊಡನೆ ಓರಗಿತ್ತಿಯರು.

ಮೂವತ್ತೊಂದು ವರ್ಷ. ಗಿಳಿಹಸಿರು, ಪಾಚಿಹಸಿರು, ರಾಮಾ ಗ್ರೀನು,
ಕಣ್ಣು ಮುಚ್ಚಿ ತೆಗೆಯುತ್ತೇನೆ
ಎಂದು ಜಂಬ ಕೊಚ್ಚಿದ್ದೆ ಜೆಸಿಂತಾ ಮೇಡಂ ಮುಂದೆ.
ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ; ಲೈನಿಂಗಿಗೆ ಬಂದಿದ್ದರು.
ಹಿಂದಿನ ನೇರಳೆಮರ ತೋರಿಸಿ ನಕ್ಕರು:
ಆ ಬೆಳ್ಗಣ್ಣ ನಿಮ್ಮಂಗಡಿಗೆ ಬಂದರೆ
ಒಂದೂ ಮ್ಯಾಚ್ ಆಗ್ತಿಲ್ಲ ಅಂತ ಎದ್ದು ಹೋದೀತು.

ಹೆಬ್ಬೆರಳಷ್ಟು ಹಕ್ಕಿ. ಕಣ್ಣ ಸುತ್ತ ಬಿಳಿ ಉಂಗುರ,
ಒತ್ತೊತ್ತಾಗಿ ಹೊಲಿದ ಕಾಜಾದ ಹಾಗೆ.
ನಮ್ಮ ಕಣ್ಣಿನ ಮಗ್ಗಕ್ಕೆ ಮೂರೇ ನೂಲಂತೆ,
ಕೆಂಪು ಹಸಿರು ನೀಲಿ. ಕಂಡ ಸೀರೆಯೆಲ್ಲ ಅಷ್ಟರಲ್ಲೇ ನೇದದ್ದು.
ಅದಕ್ಕೆ ನಾಲ್ಕನೆಯದೊಂದು. ನೇರಳೆಯ ಆಚೆಗಿನದು.
ನೂಲು ನೂಲಿನ ತುದಿಗೂ ಎಣ್ಣೆಯ ಹನಿ,
ಒಂದಕ್ಕೆ ಕೆಂಪು, ಒಂದಕ್ಕೆ ಅರಿಸಿನ, ಒಂದು ಮಾಸಲು,
ಬೆಳಕನ್ನು ಸೋಸಿ ಒಳಗೆ ಬಿಡಲು.
ಆ ನಾಲ್ಕನೆಯದರ ಹನಿಗೆ ಮಾತ್ರ ಬಣ್ಣವೇ ಇಲ್ಲ,
ಬಾಗಿಲು ಹಾಕದೆ ಮಲಗಿದ ಮನೆ.

ಹಾಗಾಗಿ ಹಣ್ಣಾದ ನೇರಳೆಯ ಮೇಲಿನ ಬೂದಿ
ನಮಗೆ ಒರೆಸಿ ತಿನ್ನುವ ಧೂಳು, ಅದಕ್ಕೆ ದೀಪ.
ಒಂದೇ ಥಾನಿನ ಎರಡು ತುಂಡಿನಂತೆ ನಮಗೆ ಕಾಣುವ
ಗಂಡಿಗೂ ಹೆಣ್ಣಿಗೂ
ಅವುಗಳ ಲೆಕ್ಕದಲ್ಲಿ ಬೇರೆ ಬೇರೆ ಅಂಚು ಇದ್ದೀತು.
ಹೆಸರೇನು ಆ ಬಣ್ಣಕ್ಕೆ? ಕೇಳಿದೆ.
ಹೆಸರಿಡಲು ನೋಡಿದವರು ಬೇಕಲ್ಲ, ಅಂದರು.

ನೋಡಿದವರಿದ್ದರು.

ಸೋದರತ್ತೆ ರಖಮಾಬಾಯಿ. ಕಾಜಾ ಹಾಕುವುದರಲ್ಲಿ ಎತ್ತಿದ ಕೈ.
ಅರಸೀಕೆರೆಯ ಶಾಲೆಯೊಂದರಲ್ಲಿ ಕಣ್ಣಿನ ಕ್ಯಾಂಪು;
ಪೊರೆ ತೆಗೆದರು. ಬದಲಿ ಮಸೂರ ಕೂರಿಸುವ ಕಾಲವಲ್ಲ ಅದು,
ಸೋಡಾಬುಡ್ಡಿ ಕನ್ನಡಕ ಕೊಟ್ಟು ಕಳಿಸಿದರು.
ಹುಚ್ಚೆಳ್ಳು ಹೊಲದ ಬದುವಿನಲ್ಲಿ ಕನ್ನಡಕ ತೆಗೆದು
ಸೆರಗಿನಲ್ಲಿ ಹಿಡಿದು ಅತ್ತೆ ಹೇಳುತ್ತಿದ್ದಳು:
ಹಳದಿ ಮೇಲೆ ಏನೋ ಐತಲ್ಲೋ,
ಬಿಳಿ ಪಂಚೆಗೆ ನೀಲಿ ಹಾಕಿದಂಗೆ,
ನಿಮಗ್ಯಾರಿಗೂ ಕಾಣಲ್ವಾ?

ಹುಚ್ಚೆಳ್ಳು ನೋಡಿ ಹುಚ್ಚು ಹಿಡಿಯಿತೆಂದು ನಕ್ಕೆವು.
ಅಪ್ಪ ಅಂತ್ರ ಕಟ್ಟಿಸಿದ.
ಎರಡು ಸುಗ್ಗಿ ಕಳೆಯುವಷ್ಟರಲ್ಲಿ
ಅವಳೂ ಹೇಳುವುದು ಬಿಟ್ಟಳು.
ನೋಡುವುದನ್ನು ಬಿಟ್ಟಳೋ ಇಲ್ಲವೋ, ಯಾರೂ ಕೇಳಲಿಲ್ಲ.

ಮೇಡಂ ಸ್ವಲ್ಪ ಹೊತ್ತು ಲೈನಿಂಗಿನ ಅಂಚು ಎಳೆಯುತ್ತ ಕೂತರು.
ಆಮೇಲೆ ಮೆಲ್ಲಗೆ: ಆ ಬೆಳಕನ್ನು ತಡೆಯುವ ಪರದೆಯೇ
ನಮ್ಮ ಕಣ್ಣೊಳಗಿನ ಮಸೂರ. ತೆಗೆದರೆ
ಒಂಚೂರು ಒಳಗೆ ಬರುತ್ತದೆ. ಹಕ್ಕಿಗೆ ಕಂಡಷ್ಟಲ್ಲ;
ಇರುವ ಮೂರು ನೂಲೇ ಅದನ್ನು ಹಿಡಿಯಬೇಕು,
ಅದಕ್ಕೇ ತಿಳಿನೀಲಿ. ನಿಮ್ಮತ್ತೆ ಹೇಳಿದ್ದು ಸರಿ.

ಕತ್ತರಿ ಬಟ್ಟೆಯ ನಡುವೆಯೇ ನಿಂತಿತ್ತು.
ಅತ್ತೆ ಹೋಗಿ ಹತ್ತೊಂಬತ್ತು ವರ್ಷ.

ಈಗ ಗಿರಾಕಿಯ ಹಿಂದೆ ನಾನೂ ಬೀದಿಗಿಳಿಯುತ್ತೇನೆ.
ಮರದಲ್ಲಿ ಚೀ ಚೀ ಅನ್ನುತ್ತ ಒಂದು ಗುಂಪು,
ಒಂದು ತಲೆ ಓರೆ ಮಾಡಿ ಸೀರೆಯನ್ನೇ ನೋಡುತ್ತದೆ.
ಸರಿಹೋಯ್ತಾ ಅಣ್ಣ? ಅನ್ನುತ್ತಾರೆ.
ನಮ್ಮ ಮಟ್ಟಿಗೆ ಸರಿಯಿದೆ, ಅನ್ನುತ್ತೇನೆ,
ಮುಕ್ಕಾಲು ಮೀಟರ್ ಸಾಕಾ, ಒಂದು ಬೇಕಾ?