ಎಡಗಿವಿಯ ಕಡೆಯವರು

ವಿರಾಜಪೇಟೆ ಗಡಿಯಾರ ಕಂಬದಿಂದ ಇಳಿದು
ಮೀನುಪೇಟೆಯತ್ತ ತಿರುಗುವಲ್ಲಿ ನನ್ನ ಅಂಗಡಿ.
ಬೋರ್ಡಿನಲ್ಲಿ ಇನ್ನೂ ರೇಡಿಯೋ ಅಂತಿದೆ,
ಒಳಗೆ ರಿಪೇರಿಗೆ ಬಂದ ಮಿಕ್ಸಿಗಳು, ಒಂದು ಇನ್ವರ್ಟರು,
ಬಾಡಿಗೆಗೆ ಕೊಡುವ ನಾಲ್ಕು ಸ್ಪೀಕರು,
ಸಂಜೆ ಐದರ ಮೇಲೆ ಜಗಳ.

ಜಗಳಕ್ಕೆ ಬಾಡಿಗೆ ಇಲ್ಲ.

ಚೀಯಣ್ಣ ಬರುತ್ತಾನೆ, ಕಾಫಿ ಕ್ಯೂರಿಂಗಿನ ನಿವೃತ್ತ ಗುಮಾಸ್ತ,
ಎಪ್ಪತ್ತೊಂಬತ್ತರಲ್ಲಿ ‘ಬ್ಲ್ಯಾಕ್ ಪೆಪ್ಪರ್’ ಬ್ಯಾಂಡಿನ
ವೈರು ಸುತ್ತಿಟ್ಟವನು. ನುಡಿಸಿದವನಲ್ಲ.
ನುಡಿಸಿದವರಿಗಿಂತ ಹೆಚ್ಚು ನೆನಪಿರುವುದು ಅವನಿಗೇ.
‘ಅದು ಬ್ಯಾಂಡು’ ಅನ್ನುತ್ತಾನೆ, ಸ್ಟೂಲು ಎಳೆದುಕೊಳ್ಳುವ ಮೊದಲೇ.
‘ಕರೆಂಟು ಹೋದರೂ ಡ್ರಮ್ಮು ನಿಲ್ಲಲಿಲ್ಲ ಮಾರಾಯ,
ಪೆಟ್ರೋಮ್ಯಾಕ್ಸ್ ಬರೋವರೆಗೆ ಕತ್ತಲಲ್ಲೇ ಹೊಡೆದ ನಮ್ಮ ರೊನಾಲ್ಡು.
ಇವರದು? ಲ್ಯಾಪ್‌ಟಾಪಿಗೆ ಚಾರ್ಜಿಲ್ಲ ಅಂದರೆ ಹಾಡೇ ಇಲ್ಲ.’

ಇವರು ಅಂದರೆ ಬೊಳ್ಳವ್ವ, ಗಿಟಾರು; ನೌಫಲ್, ಡ್ರಮ್ಮು;
ಬ್ಯಾಂಡಿನ ಹೆಸರು ‘ರೇಂಜಿಲ್ಲ’.
ಕಡಂಗದ ಹತ್ತಿರ ಪಲ್ಪರ್ ಶೆಡ್ಡಿನಲ್ಲಿ ಅಭ್ಯಾಸ,
ಅಲ್ಲಿ ನಿಜಕ್ಕೂ ರೇಂಜಿಲ್ಲ.
‘ಅಂಕಲ್, ನಿಮ್ಮವರು ನುಡಿಸಿದ್ದೆಲ್ಲ ಇನ್ಯಾರದೋ ಹಾಡು.
ನಮ್ಮದು ನಾವೇ ಕಟ್ಟಿದ್ದು.’
‘ಕಟ್ಟಿದ್ದು ಗೊತ್ತಾಗುತ್ತೆ ಮಗಳೇ,
ಸಾರುವೆ ಇನ್ನೂ ಬಿಚ್ಚಿಲ್ಲ.’

ನೌಫಲ್ ನಕ್ಕ. ಬೊಳ್ಳವ್ವ ನಗಲಿಲ್ಲ.
‘ಪಾಸ್ಕಲಣ್ಣ, ಎರಡೂ ಕೇಳಿದವರು ನೀವು. ನೀವೇ ಹೇಳಿ.’

ಏನು ಹೇಳಲಿ.
ಎಡಗಿವಿಯನ್ನು ಬ್ಲ್ಯಾಕ್ ಪೆಪ್ಪರಿಗೆ ಕೊಟ್ಟಾಗಿದೆ:
ಎಂಬತ್ತೊಂದರ ಡಿಸೆಂಬರ್ ಮೂವತ್ತೊಂದು, ಕ್ಲಬ್ಬಿನ ಮೂಲೆ,
ಸ್ಪೀಕರಿನ ಬಾಯಿಗೆ ಆತುಕೊಂಡು ಬೆಸುಗೆ ಹಾಕುತ್ತಿದ್ದೆ,
ವಯಸ್ಸು ಹದಿನೇಳು, ಯಾರೋ ನಾಬು ತಿರುಗಿಸಿದರು.
ಅಂದಿನಿಂದ ಆ ಕಿವಿಯೊಳಗೆ ಒಂದೇ ಸ್ವರ,
ರಜೆ ಇಲ್ಲದ ಜೀರುಂಡೆ.
ಬಲಗಿವಿ ಈ ಹುಡುಗರಿಗೆ
ಕಂತಿನ ಮೇಲೆ ಹೋಗುತ್ತಿದೆ.

ಮೈಕಿನ ಬ್ಯಾಟರಿ ಕೇಳಲು ಬಂದಿದ್ದ ಓಲಗದ ಚಾತ
ಬಾಗಿಲಲ್ಲೇ ನಿಂತು ಅಂದ:
‘ನಾವು ಚೆನ್ನಾಗಿ ಊದಿದರೂ ಕುಣೀತಾರೆ, ಕೆಟ್ಟದಾಗಿ ಊದಿದರೂ ಕುಣೀತಾರೆ.
ಬೀಡಿ ಹಚ್ಚೋಕೆ ನಿಲ್ಲಿಸಿದಾಗ ಮಾತ್ರ
ಮುಖ ನೋಡೋದು.’
ಮಾತು ಯಾರ ಪಕ್ಷಕ್ಕೂ ಬೀಳಲಿಲ್ಲ. ಬ್ಯಾಟರಿ ತಗೊಂಡು ಹೋದ.

ಹುತ್ತರಿ ಕಳೆದ ಶುಕ್ರವಾರ ಚೀಯಣ್ಣ ಸಾಕ್ಷಿ ತಂದ.
ಬೂಷ್ಟು ಹಿಡಿದ ಕ್ಯಾಸೆಟ್ಟು, ಅರವತ್ತು ನಿಮಿಷದ್ದು.
ಸ್ಪಿರಿಟಿನಲ್ಲಿ ಹೆಡ್ಡು ಒರೆಸಿದೆ, ಪೆನ್ಸಿಲಿನಲ್ಲಿ ಸುತ್ತಿದೆ,
ಒತ್ತಿದೆ.

ನೀರೊಳಗಿಂದ ಬಂತು ಗಿಟಾರು,
ಹೊಟ್ಟೆ ತುಂಬಿದ ಎಮ್ಮೆಯ ನಡಿಗೆ.
ಚೀಯಣ್ಣನ ಮುಖದಲ್ಲಿ ಏನೋ ಜಾರಿತು.
‘ಇಷ್ಟು ನಿಧಾನ ಇರಲಿಲ್ಲ’ ಅಂದ, ನನಗಲ್ಲ, ಯಂತ್ರಕ್ಕೆ.
‘ಬೆಲ್ಟು ಸಡಿಲ’ ಅಂದೆ.

ಬೆಲ್ಟು ಮೊನ್ನೆಯಷ್ಟೇ ಬದಲಿಸಿದ್ದೆ.

ಬೊಳ್ಳವ್ವ ನನ್ನ ಕಡೆ ನೋಡಿದಳು, ಬೆಲ್ಟಿನ ಕಡೆ ನೋಡಿದಳು,
ಗಿಟಾರು ತೆಗೆದು
ಒಂದೊಂದೇ ತಂತಿ ಸಡಿಲಿಸಿದಳು, ಆರೂ,
ಟೇಪು ಇಳಿದಷ್ಟು ಇಳಿಸಿ, ಹಿಂದಿನಿಂದ ಸೇರಿಕೊಂಡಳು.
ನೌಫಲ್‌ಗೆ ಸಿಕ್ಕಿದ್ದು ಯಾರದೋ ಮಿಕ್ಸಿ ಜಾರು.
ಚೀಯಣ್ಣ ಕಣ್ಣು ಮುಚ್ಚಿದ.

ಮೂರನೇ ಹಾಡಿನ ನಡುವೆ ಕ್ಲಬ್ಬಿನ ಕರೆಂಟು ಹೋಯಿತು.
ದೀಪ ಆರಿದ್ದೂ ಕೇಳುತ್ತದೆ ಟೇಪಿನಲ್ಲಿ:
ಗಿಟಾರು ಸತ್ತಿತು, ಕುರ್ಚಿಯೊಂದು ಬಿತ್ತು,
ಹೆಂಗಸೊಬ್ಬಳು ನಕ್ಕಳು, ‘ಫ್ಯೂಸು ಎಲ್ಲಿ’ ಅಂತ ಯಾರೋ.
ಡ್ರಮ್ಮೂ ನಿಂತಿತು.
ಎರಡೇಟು, ಆಮೇಲೆ ಇಲ್ಲ.

ನೌಫಲ್ ನಿಲ್ಲಿಸಲಿಲ್ಲ.
ಬೆರಳ ತುದಿಯಲ್ಲಿ, ಜಾರಿನ ತಳದ ಮೇಲೆ,
ನಲವತ್ತು ವರ್ಷದ ಹಿಂದಿನ ಆ ಕತ್ತಲೆ ಪೂರ್ತಿ
ಹೊಡೆಯುತ್ತಲೇ ಇದ್ದ,
ಪೆಟ್ರೋಮ್ಯಾಕ್ಸ್ ಸುಸ್ಸೆಂದು ಹತ್ತುವವರೆಗೆ.

ಚೀಯಣ್ಣ ಕಣ್ಣು ಬಿಡದೆಯೇ ತೊಡೆ ತಟ್ಟಿದ.
‘ಕೇಳಿದಿರಾ? ನಿಲ್ಲಿಸಲಿಲ್ಲ ರೊನಾಲ್ಡು.’

ಬೊಳ್ಳವ್ವ ಬಾಯಿ ತೆರೆದಳು.
ನಾನು ಅವಳತ್ತ
ಎಡಗಿವಿ ತಿರುಗಿಸಿದೆ.