ಪಾಷಾ ಮಲಗಿದ್ದ ಜಾಗ

ನಮ್ಮ ಆಮೆಗೆ ಪಾಷಾ ಎಂದು ಹೆಸರಿಟ್ಟವಳು ಅಜ್ಜಿ ಅರುಸ್ಯಾಕ್,
ಅಷ್ಟು ಸೋಮಾರಿ, ಅಷ್ಟು ಗತ್ತು.
ಬೈರೂತಿನ ಹಿತ್ತಿಲಲ್ಲಿ ನವೆಂಬರ್ ಬಂತೆಂದರೆ
ನಿಂಬೆಗಿಡದ ಬುಡ ಕೆದರಿ ಇಳಿದುಬಿಡುತ್ತಿದ್ದ.
ಗುರುತಿಗೆಂದು ಅಪ್ಪ ಮೇಲೊಂದು
ಕಿವಿ ಮುರಿದ ಕಾಫಿ ಬಟ್ಟಲು ಬೋರಲು ಹಾಕುತ್ತಿದ್ದರು.

ಆ ವರ್ಷ ಬೀದಿಯ ಹುಡುಗರು,
ನಿನ್ನೆವರೆಗೂ ನಮಗೆ ರೊಟ್ಟಿ ಮಾರಿದವರೇ,
ಅದೇ ಮೂಲೆಯಲ್ಲಿ ಮರಳಿನ ಚೀಲ ಪೇರಿಸಿದರು.
ಅಲ್ಲಿ ಬಟ್ಟಲಿದೆ, ನೋಡ್ಕೊಂಡು, ಅಂದೆ.
ಒಬ್ಬ ಅದನ್ನೆತ್ತಿ, ಮಣ್ಣೊರೆಸಿ,
ನಗುತ್ತ ನನ್ನ ಕೈಗೇ ಕೊಟ್ಟ.

ಫೆಬ್ರವರಿಯ ರಾತ್ರಿ ಲಾರಿ ಬಂತು.
ಪಾಷಾನನ್ನು ಎಬ್ಬಿಸೋಣ ಎಂದೆ.
‘ಮಲಗಲಿ ಬಿಡು,
ಈ ಮನೆಯಲ್ಲಿ ಅವನೊಬ್ಬನಿಗಾದರೂ ನಿದ್ದೆ ಹತ್ತಿದೆ’
ಅಂದಳು ಅಮ್ಮ.

ಲಿಮಸೋಲಿನ ಈ ಅಡುಗೆಮನೆಯಲ್ಲಿ
ಬಟ್ಟಲು ಇನ್ನೂ ಇದೆ.
ಅಡಿಯಲ್ಲಿ ಏನಿಲ್ಲವೆಂದು ಗೊತ್ತಿದ್ದೂ
ತೊಳೆದು
ಬೋರಲೇ ಇಡುತ್ತೇನೆ.
ಏಪ್ರಿಲಿನಲ್ಲಿ ಮಾತ್ರ
ಒಮ್ಮೆ ಎತ್ತಿ ನೋಡುತ್ತೇನೆ.